ಓಸ್ತಿಯಾದಲ್ಲಿ ನಾನು ಅನುವಾದಿಸದ ಮಾತು

ಕ್ಯಾಲಿಫೋರ್ನಿಯಾದ ಬೇ ಏರಿಯಾದ ನಮ್ಮ ಪರಿಚಯದ ಕನ್ನಡದವರಲ್ಲಿ ಯಾರಿಗಾದರೂ ದೂರು ಬರೆಯಬೇಕಾದರೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಅಪಾರ್ಟ್‌ಮೆಂಟಿನಲ್ಲಿ ಬಿಸಿನೀರು ನಿಂತಾಗ, ಮಗುವಿನ ಊಟದ ಡಬ್ಬಿಯ ವಾಸನೆಯ ಬಗ್ಗೆ ಡೇಕೇರಿನವರು ಚೀಟಿ ಕಳಿಸಿದಾಗ, ವಿಮಾನದವರು ಸೂಟ್‌ಕೇಸು ಕಳೆದಾಗ ಫೋನು ಬರುವುದು ನನಗೆ. ಯಾರು, ಯಾವಾಗ, ಏನು ಮಾಡಬೇಕಿತ್ತು, ಏನು ಮಾಡಲಿಲ್ಲ ಎಂಬುದನ್ನು ನುಣುಚಿಕೊಳ್ಳಲು ಸಂದಿಲ್ಲದ ಹಾಗೆ ಒಂದು ಪುಟದಲ್ಲಿ ಬರೆಯುವುದು ವಿಶ್ವವಿದ್ಯಾಲಯದಲ್ಲಿ ನಾನು ಕಲಿತ ವಿದ್ಯೆ. ನಮ್ಮ ಮಂದಿಯ ಉಪಯೋಗಕ್ಕೆ ಬಂದದ್ದೂ ಅದೊಂದೇ. ತಪ್ಪು ಮಾಡಿದವರು ಉತ್ತರ ಕೊಡಲೇಬೇಕು ಎಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಹಾಗೆ ಬರೆದ ಪತ್ರಗಳಲ್ಲಿ ಒಂದರ ವಿಚಾರ ಇದು.

ಹಿಂದಿನ ಬೇಸಿಗೆಯಲ್ಲಿ ಹನ್ನೆರಡು ಜನ ಒಟ್ಟಾಗಿ ಇಟಲಿಗೆ ಹೋಗಿದ್ದೆವು. ಏರ್ಪಾಡೆಲ್ಲ ಹಾಸನದ ಕಡೆಯ ಒಬ್ಬ ಅಂಕಲ್‌ದು. ಅವರು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಔಷಧ ಲ್ಯಾಬಿನಲ್ಲಿ ಮ್ಯಾನೇಜರ್. ಮಾತ್ರೆಯ ಪರೀಕ್ಷೆಯಷ್ಟೇ ಶಿಸ್ತಿನಿಂದ ಪ್ರವಾಸವನ್ನೂ ನಡೆಸುವವರು. ನಾನು ಹೋದದ್ದು ದೊಡ್ಡವ್ವನ ಜೊತೆಗಾಗಿ. ದೊಡ್ಡವ್ವ ಎಂದರೆ ಅಮ್ಮನ ಅಕ್ಕ, ಧಾರವಾಡದವಳು, ಈಗ ಕೆಲವು ವರ್ಷಗಳಿಂದ ಕ್ಯಾಂಪ್‌ಬೆಲ್‌ನಲ್ಲಿ ನಮ್ಮ ಮನೆಯಲ್ಲೇ ಇದ್ದಾಳೆ. ಸಕ್ಕರೆ ಕಾಯಿಲೆಯಿಂದ ಅವಳ ಪಾದಗಳಿಗೆ ಅರಿವು ಕಡಿಮೆಯಾಗಿದೆ. ಬರಿಗಾಲಲ್ಲಿ ಒಂದು ಹೆಜ್ಜೆಯನ್ನೂ ಇಡಬಾರದು ಎಂದು ವೈದ್ಯರು ಹೇಳಿ, ಮೆತ್ತನೆಯ ಅಟ್ಟೆಯ ಬಿಳಿ ಕ್ಯಾನ್ವಾಸ್ ಬೂಟು ಮಾಡಿಸಿಕೊಟ್ಟಿದ್ದರು. ಆ ದಿನ ವೈದ್ಯರ ಮಾತನ್ನು ಅವಳಿಗೆ ಕನ್ನಡದಲ್ಲಿ ಹೇಳಿದವಳು ನಾನೇ. ಇಂಗ್ಲಿಷ್ ಅವಳಿಗೆ ಅಷ್ಟಿಷ್ಟು ತಿಳಿಯುತ್ತದೆ, ಆದರೆ ಮುಖ್ಯವಾದ ಮಾತು ನನ್ನ ಬಾಯಿಂದ ಬಂದ ಮೇಲೆಯೇ ಅವಳಿಗೆ ಹೇಳಿದಂತೆ.

ರೋಮಿಗೆ ಬಂದ ಮೂರನೆಯ ದಿನ ಓಸ್ತಿಯಾದ ಹಾಳು ಪಟ್ಟಣಕ್ಕೆ ರೈಲಿನಲ್ಲಿ ಹೋಗಿಬರುವ ಒಂದು ದಿನದ ಪ್ರವಾಸವಿತ್ತು. ಗೈಡ್ ನನ್ನ ವಯಸ್ಸಿನ ಹುಡುಗಿ. ಪುರಾತತ್ವ ಓದಿದವಳು. ಕೋಲಿನ ತುದಿಗೆ ಹಳದಿ ರಿಬ್ಬನ್ ಕಟ್ಟಿಕೊಂಡು ಸ್ಟೇಷನ್ನಿನಲ್ಲಿ ನಮಗಾಗಿ ಕಾದಿದ್ದಳು. ರೈಲು ಮಾಮೂಲಿಯದೇ. ಸೀಟಿನ ಮೇಲೆ ಯಾರೋ ಹೆಸರು ಗೀಚಿದ್ದರು, ಕಿಟಕಿಯ ಹೊರಗೆ ಒಣಹಾಕಿದ ಬಟ್ಟೆಗಳ ಬಾಲ್ಕನಿಗಳು ಸಾಗುತ್ತಿದ್ದವು. ಅವಳು ನನ್ನ ಪಕ್ಕ ಕುಳಿತಳು. ಈ ಕೆಲಸ ಕಾಯಂ ಆದದ್ದೇ ಎಂದು ಕೇಳಿದೆ. ನಕ್ಕಳು. ವಾರಕ್ಕೊಮ್ಮೆ ಪ್ರವಾಸದ ಕಂಪನಿಯವರು ಫೋನು ಮಾಡಿದರೆ ಕೆಲಸ, ಇಲ್ಲದಿದ್ದರೆ ಇಲ್ಲ; ಪ್ರವಾಸಿಗಳಿಂದ ಒಂದು ದೂರು ಹೋದರೂ ಸಾಕು, ಆ ಫೋನು ನಿಂತುಹೋಗುತ್ತದೆ ಎಂದಳು. ಇದು ಅನ್ಯಾಯ, ನೀವೆಲ್ಲ ಸೇರಿ ಪ್ರಶ್ನಿಸಬೇಕು ಎಂದು ನಾನು ಇಳಿಯುವ ಸ್ಟೇಷನ್ ಬರುವವರೆಗೂ ಭಾಷಣ ಮಾಡಿದೆ. ಅವಳು ವಿನಯದಿಂದ ಕೇಳಿಸಿಕೊಂಡಳು.

ಓಸ್ತಿಯಾ ಒಂದು ಕಾಲದ ಬಂದರು. ಈಗ ನದಿಯೂ ಸಮುದ್ರವೂ ದೂರ ಸರಿದಿವೆ. ಕಪ್ಪು ಕಲ್ಲು ಹಾಸಿದ ನೇರ ಬೀದಿ, ಎರಡೂ ಬದಿಗೆ ಚಾವಣಿಯಿಲ್ಲದ ಇಟ್ಟಿಗೆ ಗೋಡೆಗಳು, ನಡುನಡುವೆ ಪೈನ್ ಮರಗಳು. ರಾಜರ ಅರಮನೆ ಇಲ್ಲದಿರುವುದೇ ನನಗೆ ಹಿಡಿಸಿತು. ಇಲ್ಲಿರುವುದು ಹಮಾಲರ, ಅಂಗಡಿಯವರ, ರೊಟ್ಟಿ ಸುಡುವವರ ಊರು. ಅಮೃತಶಿಲೆಯ ಕಟ್ಟೆಯಿದ್ದ ಒಂದು ತಿಂಡಿ ಅಂಗಡಿಯನ್ನು ಗೈಡ್ ತೋರಿಸಿದಾಗ ಅಂಕಲ್‌ಗೆ ಹುರುಪು ಬಂತು.

"ಅಯ್ಯೋ, ಇದು ನಮ್ಮ ದರ್ಶಿನಿ ಕಣ್ರೀ! ನಿಂತ್ಕೊಂಡು ತಿನ್ನು, ಕೈ ತೊಳ್ಕೋ, ನಡಿ. ಇವರಿಗೂ ಗೊತ್ತಿತ್ತು ನೋಡಿ ಸಿಸ್ಟಮ್ಮು."

ಮುಂದೆ ರೊಟ್ಟಿಯ ಕಾರ್ಖಾನೆ. ಮನುಷ್ಯನ ಎದೆಯೆತ್ತರದ ಬೀಸುವ ಕಲ್ಲುಗಳು ಸಾಲಾಗಿ ನಿಂತಿದ್ದವು. ಇವನ್ನು ಕತ್ತೆಗಳಿಂದ ತಿರುಗಿಸುತ್ತಿದ್ದರು ಎಂದು ಗೈಡ್ ಹೇಳಿದ್ದನ್ನು ದೊಡ್ಡವ್ವನಿಗೆ ತಿಳಿಸಿದೆ.

"ಹೌದಾ? ನಮ್ಮ ಅತ್ತಿ ಮನ್ಯಾಗ ಕತ್ತಿ ಇರಲಿಲ್ಲ," ಎಂದಳು ದೊಡ್ಡವ್ವ, ಕಲ್ಲನ್ನು ಸವರುತ್ತ. "ನಾನಿದ್ದೆ."

ಅದನ್ನು ಗೈಡ್‌ಗೆ ಇಂಗ್ಲಿಷಿನಲ್ಲಿ ಹೇಳಿದಾಗ ಅವಳು ಜೋರಾಗಿ ನಕ್ಕು ದೊಡ್ಡವ್ವನ ಕೈ ಹಿಡಿದುಕೊಂಡಳು. ಅಲ್ಲಿಂದ ಮುಂದಕ್ಕೆ ಅವರಿಬ್ಬರೂ ಜೊತೆಯಾಗಿಯೇ ನಡೆದರು, ಒಬ್ಬರ ಭಾಷೆ ಒಬ್ಬರಿಗೆ ಬಾರದೆ.

ಪಟ್ಟಣದ ನಡುವೆ ಎತ್ತರದ ಒಂದು ಇಟ್ಟಿಗೆ ಗುಡಿ ಇದೆ. ಮೇಲಕ್ಕೆ ಹತ್ತಲು ಅಗಲವಾದ ಮೆಟ್ಟಿಲುಗಳು. ಇಲ್ಲಿ ಮೂರು ದೇವರುಗಳಿದ್ದರು, ಈಗ ಒಳಗೇನೂ ಇಲ್ಲ ಎಂದು ಗೈಡ್ ವಿವರಿಸಿದಳು. ಉಳಿದವರು ಫೋಟೋಕ್ಕಾಗಿ ನೆರಳು ಹುಡುಕುತ್ತ ಹಿಂದೆ ಉಳಿದಿದ್ದರು. ದೊಡ್ಡವ್ವ ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಬೂಟು ಬಿಚ್ಚತೊಡಗಿದಳು. ಕಾಲುಚೀಲವನ್ನೂ ತೆಗೆದು ಬೂಟಿನೊಳಗೆ ತುರುಕಿದಳು.

"ದೇವರು ಹೋಗಿರಬೌದು. ಗುಡಿ ಗುಡೀನ," ಎಂದಳು.

ಗೈಡ್ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ಮೆಟ್ಟಿಲುಗಳ ಮೇಲೆ ಇಟ್ಟಿಗೆಯ ಚೂಪಾದ ಚೂರುಗಳಿರುತ್ತವೆ, ದಯವಿಟ್ಟು ಬೂಟು ಹಾಕಿಕೊಳ್ಳಲು ಅವರಿಗೆ ಹೇಳು ಎಂದಳು. ನಾನು ಹೇಳಲಿಲ್ಲ. ಬದಲಾಗಿ ಗೈಡ್‌ಗೇ ಉತ್ತರ ಕೊಟ್ಟೆ: ಇದು ನಮ್ಮ ಸಂಪ್ರದಾಯ, ಗುಡಿಗೆ ಹೇಗೆ ಗೌರವ ತೋರಿಸಬೇಕು ಎಂಬುದನ್ನು ನನ್ನ ದೊಡ್ಡವ್ವನಿಗೆ ಯುರೋಪಿನವರು ಕಲಿಸಬೇಕಾಗಿಲ್ಲ. ಮಾತು ನನ್ನ ಬಾಯಿಂದ ಸಲೀಸಾಗಿ ಬಂತು; ಅಂಥ ವಾಕ್ಯಗಳು ನನ್ನಲ್ಲಿ ಸದಾ ಸಿದ್ಧವಾಗಿರುತ್ತವೆ. ಅವಳ ಮುಖ ಕೆಂಪಾಯಿತು. ಕ್ಷಮಿಸಿ ಎಂದು ಎರಡು ಹೆಜ್ಜೆ ಹಿಂದೆ ಸರಿದಳು. ಅವಳು ಏಕೆ ಮತ್ತೊಮ್ಮೆ ಒತ್ತಾಯಿಸಲಿಲ್ಲ ಎಂಬುದು ನನಗೆ ಗೊತ್ತಿರಬೇಕಿತ್ತು. ರೈಲಿನಲ್ಲಿ ಅವಳೇ ಹೇಳಿದ್ದಳು.

ದೊಡ್ಡವ್ವ ಬರಿಗಾಲಲ್ಲಿ ಹತ್ತಿದಳು. ಇದನ್ನು ಕಂಡ ನಮ್ಮವರೂ ಒಬ್ಬೊಬ್ಬರಾಗಿ ಸಂಕೋಚದಿಂದ ಬೂಟು ಕಳಚಿದರು. "ಇದೇನ್ರೀ ಅವ್ವಾರೆ, ಲೇಸು ಕಟ್ಟೋಕೇ ಅರ್ಧ ಗಂಟೆ ಬೇಕು ನಂಗೆ" ಎಂದು ಗೊಣಗುತ್ತ ಅಂಕಲ್ ಕೂಡ. ರೋಮನ್ ಗುಡಿಯ ಬುಡದಲ್ಲಿ ಹನ್ನೊಂದು ಜೊತೆ ಬೂಟುಗಳು ಸಾಲಾಗಿ ನಿಂತವು. ನಾನೊಬ್ಬಳು ಬಿಚ್ಚಲಿಲ್ಲ. ನಾನು ಫೋಟೋ ತೆಗೆಯುತ್ತಿದ್ದೆ. ಖಾಲಿ ಗುಡಿಗೆ ಕೈಮುಗಿದು ನಿಂತ ದೊಡ್ಡವ್ವನ ಮೇಲೆ ಬರೆಯಬಹುದಾದ ಲೇಖನದ ಮೊದಲ ಸಾಲು ಆಗಲೇ ತಲೆಯಲ್ಲಿ ಮೂಡಿತ್ತು.

ಇಳಿದು ಬೂಟು ಹಾಕಿಕೊಂಡು ಬಯಲು ರಂಗಮಂದಿರದವರೆಗೆ ನಡೆದೆವು. ಅಲ್ಲಿ ಕಲ್ಲಿನ ಆಸನದ ಮೇಲೆ ಕುಳಿತಾಗ ಗೈಡ್ ಮಾತನ್ನು ಅರ್ಧಕ್ಕೆ ನಿಲ್ಲಿಸಿ ದೊಡ್ಡವ್ವನ ಮುಂದೆ ಮಂಡಿಯೂರಿದಳು. ಎಡಗಾಲಿನ ಬಿಳಿ ಕ್ಯಾನ್ವಾಸ್ ಹೊರಗಿನವರೆಗೂ ಕೆಂಪಾಗಿತ್ತು. ಹಿಮ್ಮಡಿಯ ಹತ್ತಿರ ಚೂರೊಂದು ಆಳವಾಗಿ ಹೊಕ್ಕಿತ್ತು, ದೊಡ್ಡವ್ವನಿಗೆ ಗೊತ್ತೇ ಆಗಿರಲಿಲ್ಲ.

"ಏನವಾ, ಎಲ್ಲಾರೂ ನನ್ನ ಕಾಲ ಯಾಕ ನೋಡಾಕತ್ತೀರಿ?" ಎಂದಳು.

ಗೈಡ್ ಟ್ಯಾಕ್ಸಿ ಕರೆಸಿದಳು. ಗುಂಪನ್ನು ರೋಮಿಗೆ ಮುಟ್ಟಿಸುವುದು ಅವಳ ಕೆಲಸದ ನಿಯಮ. ಆದರೂ ಅಂಕಲ್‌ಗೆ ಯಾವ ಕಡೆಯ ರೈಲು ಹತ್ತಬೇಕೆಂದು ಕಾಗದದ ಮೇಲೆ ಬರೆದುಕೊಟ್ಟು, ನಮ್ಮಿಬ್ಬರ ಜೊತೆ ಆಸ್ಪತ್ರೆಗೆ ಬಂದಳು. ಅಲ್ಲಿ ಎರಡು ಗಂಟೆ ಕುಳಿತಳು. ವೈದ್ಯರ ಇಟಾಲಿಯನ್ ಮಾತನ್ನು ಅವಳು ಇಂಗ್ಲಿಷಿಗೆ, ನಾನು ಕನ್ನಡಕ್ಕೆ ದಾಟಿಸಿದೆವು. ಆಗ ನಾನು ಒಂದು ಪದವನ್ನೂ ಬಿಡಲಿಲ್ಲ. ಗಾಯ ತೊಳೆದು, ಹೊಲಿಗೆ ಹಾಕಿ, ಭಯವಿಲ್ಲ ಎಂದು ಕಳಿಸಿದರು.

ಸಂಜೆ ಹೋಟೆಲಿನಲ್ಲಿ ಅಂಕಲ್ ಕೆಂಡವಾಗಿದ್ದರು. ಅವಸರದಲ್ಲಿ ಅವರು ತಾವೂ ಸೇರಿ ಹತ್ತೂ ಜನರನ್ನು ಎದುರಿನ ಪ್ಲಾಟ್‌ಫಾರ್ಮಿನ ರೈಲಿಗೆ ಹತ್ತಿಸಿದ್ದರು.

"ರೋಮ್ ಅಂತ ಹತ್ತಿದ್ರೆ ಸಮುದ್ರಕ್ಕೆ ತಂದು ಬಿಡ್ತು! ಎಲ್ಲ ಚಡ್ಡಿ ಹಾಕ್ಕೊಂಡು ಮಲಗಿದಾರೆ, ನಾವು ಟೋಪಿ, ವಾಟರ್ ಬಾಟ್ಲು ಹಿಡ್ಕೊಂಡು ನಿಂತಿದೀವಿ. ಗೈಡ್ ಅಂದ್ಮೇಲೆ ಜವಾಬ್ದಾರಿ ಬೇಡ್ವಾ? ಒಂದು ಮಾತು ಹೇಳ್ಬೇಕಿತ್ತು, ಬೂಟು ಬಿಚ್ಚಬೇಡಿ ಅಂತ. ನೀನೊಂದು ಲೆಟರು ಬರಿಯಮ್ಮಾ. ಸ್ಟ್ರಾಂಗಾಗಿರಲಿ."

ಬರೆದೆ. ಪಕ್ಕದ ಹಾಸಿಗೆಯಲ್ಲಿ ದೊಡ್ಡವ್ವನ ಬ್ಯಾಂಡೇಜು ಸುತ್ತಿದ ಕಾಲು ದಿಂಬಿನ ಮೇಲಿತ್ತು. ಆ ಗಾಯ ಯಾರದಾದರೂ ತಪ್ಪಾಗಬೇಕಿತ್ತು. ‘ಅಪಾಯದ ಬಗ್ಗೆ ಗುಂಪಿಗೆ ಎಚ್ಚರಿಕೆ ನೀಡಲಾಗಿರಲಿಲ್ಲ, ನಂತರ ಗುಂಪನ್ನು ಮಾರ್ಗದರ್ಶನವಿಲ್ಲದೆ ಬಿಡಲಾಯಿತು.’ ಎರಡನ್ನೂ ಸುಳ್ಳೆಂದು ಯಾರೂ ಸಾಧಿಸಲಾರರು. ಎಚ್ಚರಿಕೆ ನೀಡಿದ್ದು ನಿಜವಾಗಿಯೂ ಗುಂಪಿಗಲ್ಲ, ನನಗೊಬ್ಬಳಿಗೆ. ಆ ವಾಕ್ಯವನ್ನು ನಾನು ಮರೆವಿನಿಂದ ಬರೆಯಲಿಲ್ಲ, ನೆನಪಿಟ್ಟುಕೊಂಡೇ ಹಾಗೆ ಕಟ್ಟಿದೆ. ನಿದ್ದೆಹೋಗಿದ್ದ ದೊಡ್ಡವ್ವನನ್ನು ಬಿಟ್ಟು ಎಲ್ಲರೂ ಸಹಿ ಹಾಕಿದರು.

ಮೂರು ವಾರಗಳ ನಂತರ ಒಂದು ಭಾನುವಾರ ಅಂಕಲ್ ಕ್ಯಾಂಪ್‌ಬೆಲ್‌ಗೆ ಊಟಕ್ಕೆ ಬಂದರು. ಕಂಪನಿಯ ಉತ್ತರ ಅವರ ಫೋನಿಗೆ ಬಂದಿತ್ತು. ಊಟದ ಮೇಜಿನಲ್ಲೇ ಗಟ್ಟಿಯಾಗಿ ಓದಿದರು. ಆ ಗೈಡನ್ನು ಕೆಲಸದಿಂದ ಸದ್ಯಕ್ಕೆ ಕೈಬಿಟ್ಟಿದ್ದಾರೆ. ತಾನು ಎಚ್ಚರಿಸಿದ್ದೆನೆಂದೂ, ಆ ಹಿರಿಯರ ಜೊತೆಗಿದ್ದ ಯುವತಿ ತನ್ನನ್ನು ತಡೆದಳೆಂದೂ ಅವಳು ಹೇಳುತ್ತಿದ್ದಾಳೆ. ಆ ಯುವತಿ ಇದನ್ನು ಲಿಖಿತವಾಗಿ ನಿರಾಕರಿಸಿದರೆ ವಿಚಾರಣೆ ಮುಗಿಸುತ್ತೇವೆ ಎಂದಿತ್ತು.

"ನೋಡಿದ್ಯಾ ಸುಳ್ಳು ಹೇಳೋದು? ನಿನ್ನ ಮೇಲೇ ಎತ್ತಾಕ್ತಾ ಇದಾಳೆ. ಎರಡು ಲೈನ್ ಬರೆದು ಬಿಸಾಕು, ಮುಗೀತು."

ನಾನು ತಟ್ಟೆ ನೋಡುತ್ತ ಹೇಳಿದೆ: "ಅವಳು ಹೇಳಿದ್ದು ನಿಜ ಅಂಕಲ್."

"ಏನು ನಿಜ?"

"ಬೂಟು ಹಾಕಿಕೊಳ್ಳೋಕೆ ಹೇಳು ಅಂದ್ಲು. ನಾನೇ ಹೇಳಲಿಲ್ಲ."

ಅಂಕಲ್ ಚಮಚ ಕೆಳಗಿಟ್ಟರು. "ಲೇ ತಾಯಿ, ನನ್ನ ಸಹಿ ಇದೆ ಅದ್ರಲ್ಲಿ!"

ದೊಡ್ಡವ್ವ ರೊಟ್ಟಿ ಹಾಕುತ್ತಿದ್ದವಳು ತಟ್ಟೆ ಹಿಡಿದುಕೊಂಡೇ ನಿಂತಳು.

"ನಂಗ್ಯಾಕ ಹೇಳಲಿಲ್ಲ ನೀ?"

"ನಿಂಗ ಬ್ಯಾಸರ ಆಗ್ತೈತಿ ಅಂತ..."

"ಬ್ಯಾಸರ? ಡಾಕ್ಟರ್ ಹೇಳಿದ್ದು ಒಂದು ಕ್ಷಣ ಮರತಿದ್ದೆ. ಹೇಳಿದ್ರ ಕೆಳಗ ನಿಂತ ಕೈ ಮುಗೀತಿದ್ದೆ. ಮ್ಯಾಲೇನ ದೇವರಿದ್ನಾ, ಹತ್ತಲೇಬೇಕು ಅನ್ನಾಕ? ನನ್ನ ಪರವಾಗಿ ಜಗಳಾ ಮಾಡೂಮುಂದ ನನ್ನ ಒಂದ ಮಾತ ಕೇಳಬೇಕಿಲ್ಲೇನು?"

ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಕುಳಿತೆ. ದೊಡ್ಡವ್ವ ಪಕ್ಕದ ಕುರ್ಚಿ ಎಳೆದುಕೊಂಡಳು. ಬರೆದದ್ದನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳೆಂದಳು. ಭಾಷೆ ಮತ್ತು ಸಂಸ್ಕೃತಿಗಳ ವ್ಯತ್ಯಾಸದಿಂದ ಉಂಟಾದ ಗೊಂದಲ ಎಂದು ನಾನು ಆರಂಭಿಸಿದ್ದೆ.

"ಯಾವ ಗೊಂದಲ? ಆಕಿ ಹೇಳಿದ್ಲು, ನಿಂಗ ತಿಳೀತು. ಅದನ್ನ ಮದಲ ಬರಿ. ಆಮ್ಯಾಲೆ ನೀ ಏನಂದಿ, ಅದನ್ನ ಬರಿ. ಆಕಿ ಎರಡ ತಾಸ ನನ್ನ ಕಾಲ ಹಿಡಕೊಂಡ ಕುಂತಿದ್ದೂ ಬರಿ."

ಹಾಗೆಯೇ ಬರೆದೆ. ಹನ್ನೆರಡು ಸಾಲಿನ ಪತ್ರವಾಯಿತು. ಕೆಳಗೆ ನನ್ನ ಹೆಸರು, ಅದರ ಕೆಳಗೆ ದೊಡ್ಡವ್ವ ಕನ್ನಡದಲ್ಲಿ ಹಾಕಿದ ಸಹಿ. ತಪ್ಪು ರೈಲು ಹತ್ತಿಸಿದ್ದು ತಾವೇ ಎಂದು ಸೇರಿಸಬಹುದೇ ಎಂದು ಅಂಕಲ್‌ರನ್ನು ಕೇಳಿದೆ. ಅವರು "ಪ್ಲಾಟ್‌ಫಾರ್ಮು ಕನ್‌ಫ್ಯೂಸಿಂಗ್ ಆಗಿತ್ತು ಅಂತ ಹಾಕು" ಎಂದರು. ಅದು ಅವರ ಮಾತೆಂದೇ ಹಾಕಿದೆ.

ಕಂಪನಿಯಿಂದ ಹತ್ತು ದಿನಕ್ಕೆ ಉತ್ತರ ಬಂತು. ಪ್ರಾಮಾಣಿಕತೆಗೆ ಧನ್ಯವಾದಗಳು, ಈ ಬೇಸಿಗೆಯ ಕೆಲಸಗಳನ್ನು ಈಗಾಗಲೇ ಬೇರೆಯವರಿಗೆ ಹಂಚಿದ್ದೇವೆ, ಆ ಗೈಡ್‌ನ ವಿಚಾರವನ್ನು ಬರುವ ವಸಂತದಲ್ಲಿ ಪರಿಶೀಲಿಸುತ್ತೇವೆ.

"ಅಲ್ಲೀತನಕ ಆಕಿ ಏನ ಮಾಡಬೇಕಂತ?" ಎಂದು ದೊಡ್ಡವ್ವ ಕೇಳಿದಳು.

ಆ ಪ್ರಶ್ನೆಯನ್ನೇ ಇಂಗ್ಲಿಷಿಗೆ ಅನುವಾದಿಸಿ, ಬೇರೇನೂ ಸೇರಿಸದೆ, ಕಂಪನಿಗೆ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಅದನ್ನೇ ಮತ್ತೆ ಕಳಿಸುತ್ತಿದ್ದೇನೆ.