ಖಲೀಲಣ್ಣ ಕಲಿಸಿದ ಮೆಷಿನ್

ಕಳೆದ ವಾರ ಜಗಳವಾಡಲೆಂದೇ ಹಿರಿಯೂರಿನ ಬಸ್ ಹತ್ತಿದೆ. ನಿಜವಾಗಿಯೂ! ಚಿತ್ರದುರ್ಗ ಬಿಟ್ಟಾಗಿನಿಂದ ಮಿಲ್ ಮಾಲೀಕರಿಗೆ ಹೇಳಬೇಕಾದ ಮಾತುಗಳನ್ನೆಲ್ಲ ಒಳಗೊಳಗೇ ರಿಹರ್ಸಲ್ ಮಾಡುತ್ತಿದ್ದೆ. (ಪಕ್ಕದ ಸೀಟಿನ ಹೆಂಗಸು ನನ್ನ ಮುಖ ನೋಡಿ ಕಿಟಕಿಯ ಕಡೆ ಸರಿದು ಕೂತರು.)

ಕಾರಣ, ನನ್ನ ತಂಗಿ ರತ್ನ. ಧರ್ಮಪುರದಿಂದ ದಿನಾ ಬಸ್ಸಲ್ಲಿ ಬಂದು ಹಿರಿಯೂರಿನ ಶೇಂಗಾ ಮಿಲ್ಲಿನಲ್ಲಿ ಕೆಲಸ ಮಾಡುತ್ತಾಳೆ. ಬೀಜದ ರಾಶಿಯಿಂದ ಕಪ್ಪಾದದ್ದು, ಮುದುಡಿದ್ದು, ಕಲ್ಲು ಆರಿಸಿ ತೆಗೆಯುವ ಕೆಲಸ. ಗಂಡ ತೀರಿಕೊಂಡ ಮೇಲೆ ಮನೆ, ಮಗಳ ಓದು ಎಲ್ಲ ನಡೆದಿರುವುದು ಆ ಬೆರಳುಗಳಿಂದಲೇ.

ಎರಡು ತಿಂಗಳ ಹಿಂದೆ ಫೋನ್ ಮಾಡಿ ಅತ್ತಿದ್ದಳು. "ಅಕ್ಕಾ, ಆರ್ಸೋ ಮೆಷಿನ್ ಬರ್ತೈತಂತೆ. ಕ್ಯಾಮೆರಾದಾಗೆ ಬೀಜ ನೋಡಿ, ಕೆಟ್ಟದ್ದನ್ನ ಗಾಳೀಲಿ ಊದಿ ಹಾರಿಸ್ತೈತಂತೆ. ಇನ್ನು ನಮ್ಮನ್ನ ಯಾರು ಇಟ್ಕಂತಾರೆ?"

ಆಮೇಲೆ ಫೋನೇ ಇಲ್ಲ. ನಾನು ಮಾಡಿದರೆ, "ಆಮೇಲೆ ಮಾತಾಡ್ತೀನಿ" ಎಂದು ಕಟ್. ಕೆಲಸ ಹೋಯಿತೆಂದೇ ಅಂದುಕೊಂಡೆ. ಇನ್ನೇನು ಅಂದುಕೊಳ್ಳಲಿ?

ಮಿಲ್ಲಿನ ಒಳಗೆ ಕಾಲಿಟ್ಟರೆ, ನಮ್ಮ ರತ್ನ ಆಳೆತ್ತರದ ಮೆಷಿನ್ ಪಕ್ಕ ಸ್ಟೂಲ್ ಹತ್ತಿ ನಿಂತು, ಬಟ್ಟೆಯಿಂದ ಅದರ ಗಾಜು ಒರೆಸುತ್ತಿದ್ದಾಳೆ!

"ಲೇ ರತ್ನಾ!"

"ಅಕ್ಕಾ, ಅಲ್ಲೇ ಕುಂತ್ಕ. ಗ್ಲಾಸಿಗೆ ಧೂಳು ಹತ್ತಿದ್ರೆ ಒಳ್ಳೆ ಬೀಜಾನೂ ಒಗದು ಬಿಡ್ತೈತೆ."

ಅಷ್ಟು ದೂರದಿಂದ ಹೊತ್ತು ತಂದ ಜಗಳಕ್ಕೆ ಗಿರಾಕಿಯೇ ಇಲ್ಲ.

ಚಹಾದ ಹೊತ್ತಿಗೆ ರತ್ನ ಎಲ್ಲ ಹೇಳಿದಳು. ಮೆಷಿನ್ ಜೋಡಿಸಲು ಬಂದವರು ಒಬ್ಬರಿಗೆ ಮಾತ್ರ ಕಲಿಸುವವರಿದ್ದರು. ಆ ಒಬ್ಬರು ಮಿಲ್ಲಿನ ಹಳೆಯ ಫಿಟ್ಟರ್ ಖಲೀಲ್ ಸಾಬರು. ಸಂಬಳವೂ ಏರುತ್ತಿತ್ತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಅವರು ಅನ್ನಲಿಲ್ಲ.

"ನನಗೊಬ್ಬನಿಗೇ ಕಲಿಸಿದ್ರೆ, ನಾನು ಜ್ವರ ಬಂದು ಮಲಗಿದ ದಿನ ಮಿಲ್ಲೇ ಬಂದ್ ಆಗ್ತೈತಲ್ರೀ ಸಾವ್ಕಾರ್ರೇ? ಈ ಹೆಣ್ಮಕ್ಕಳಿಗೂ ಕಲಿಸಾಣ" ಎಂದರಂತೆ.

ಮಾಲೀಕರು ಯೋಚಿಸಿ, "ಒಂದು ತಿಂಗಳು ನೋಡ್ತೀನಿ" ಎಂದರು.

ಆ ತಿಂಗಳು ಡ್ಯೂಟಿ ಮುಗಿದ ಮೇಲೂ ಖಲೀಲ್ ಸಾಬರು ಮನೆಗೆ ಹೋಗಲಿಲ್ಲ. ಧರ್ಮಪುರದ ಬಸ್ ಬರುವ ತನಕ ಪಾಠ. ನನ್ನ ಫೋನ್ ಕಟ್ ಆಗುತ್ತಿದ್ದದ್ದು ಇದಕ್ಕೇ! ರತ್ನ ಸೆರಗಿಗೆ ಬೆರಳು ಒರೆಸಿಕೊಂಡೇ ಸ್ಕ್ರೀನ್ ಮುಟ್ಟುತ್ತಿದ್ದಳು. ಒಂದು ದಿನ ಏನೋ ಒತ್ತಿದಳು, ಒಳ್ಳೆಯ ಬೀಜವೆಲ್ಲ ಕಸದ ಡಬ್ಬಕ್ಕೆ ಹಾರಿತು. ತನ್ನ ಕಥೆ ಮುಗಿಯಿತೆಂದು ಅಲ್ಲೇ ಅಳುತ್ತ ಕೂತಳಂತೆ.

"ಏಳಮ್ಮ. ಮನೇಲಿ ಮಿಕ್ಸಿ ಬಂದ ದಿನ ಮುಚ್ಚಳ ಹಾಕದೆ ತಿರುಗಿಸಿ ಗೋಡೆಗೆಲ್ಲ ಚಟ್ನಿ ಹಾರಿಸಿರ್ಲಿಲ್ವ? ಇದೂ ಹಂಗೇಯ" ಎಂದರಂತೆ ಖಲೀಲ್ ಸಾಬರು. ಅಳುತ್ತಿದ್ದವಳು ನಕ್ಕಳು, ಎದ್ದಳು.

ಈಗ ಮೆಷಿನ್ ಮುಂದೆ ರತ್ನ ಮತ್ತು ಇನ್ನೊಬ್ಬಳು ಸರದಿಯಂತೆ ನಿಲ್ಲುತ್ತಾರೆ. ಉಳಿದವರು ಪ್ಯಾಕಿಂಗಿನಲ್ಲಿದ್ದಾರೆ. ಎಲ್ಲರೂ ಉಳಿದರೆಂದು ಬರೆದರೆ ಸುಳ್ಳಾಗುತ್ತದೆ. ಎಲ್ಲರಿಗಿಂತ ಹಿರಿಯರಾದ ಗಿರಿಯಮ್ಮನಿಗೆ ಸ್ಕ್ರೀನ್ ಕಾಣಲಿಲ್ಲ, ಮೂಟೆ ಎತ್ತಲಾಗಲಿಲ್ಲ. ಈಗ ಮನೆಯಲ್ಲಿದ್ದಾರೆ. ಅದನ್ನು ಹೇಳುವಾಗ ರತ್ನ ಲೋಟ ಕೆಳಗಿಟ್ಟಳು.

ಹೊರಡುವ ಮುನ್ನ ಖಲೀಲ್ ಸಾಬರಿಗೆ ಕೈ ಮುಗಿದೆ. ಬೈಗುಳ ರಿಹರ್ಸಲ್ ಮಾಡಿ ಬಂದ ಬಾಯಿಗೆ ಥ್ಯಾಂಕ್ಸ್ ಕೂಡ ಸರಿಯಾಗಿ ಬರಲಿಲ್ಲ. ಅವರಿಗೇ ಸಂಕೋಚವಾಯಿತು.

"ಮೊದ್ಲು ಇಲ್ಲಿ ಡೀಸೆಲ್ ಇಂಜಿನ್ ಇತ್ತಮ್ಮ. ಕರೆಂಟ್ ಮೋಟ್ರು ಬಂದಾಗ ನನಗೂ ಒಬ್ರು ಕೈ ಹಿಡಿದು ಕಲಿಸಿದ್ರು. ಇಲ್ದಿದ್ರೆ ನಾನೂ ಮನೇಲಿ ಕುಂತ್ಕಬೇಕಿತ್ತು" ಎಂದು, ಸ್ಪ್ಯಾನರ್ ಹಿಡಿದು ಕೆಲಸಕ್ಕೆ ನಡೆದರು.

ಸ್ಕಿಲ್ ಡೆವಲಪ್‌ಮೆಂಟ್ ಭಾಷಣಗಳನ್ನು ನಾನೂ ಬಹಳ ಕೇಳಿದ್ದೇನೆ. ನನ್ನ ತಂಗಿಗೆ ಬೇಕಾಗಿದ್ದದ್ದು ಒಬ್ಬ ತಾಳ್ಮೆಯ ಮನುಷ್ಯ ಮತ್ತು ಒಂದಿಷ್ಟು ಸಮಯ. ಎರಡೂ ಸಿಕ್ಕವು. ನಮ್ಮ ಪುಣ್ಯ.

ಹೊಸ ಮೆಷಿನ್‌ಗೆ ವರ್ಷಗಟ್ಟಲೆ ವಾರಂಟಿ ಕೇಳಿ ಪಡೆಯುವ ನಾವು, ಹಳೆಯ ಕೆಲಸಗಾರರಿಗೆ ಕಲಿಯಲು ಒಂದು ತಿಂಗಳು ಕೊಡಲಾರೆವೇ?