ಪಂಪು ಬಂದ ಮೇಲೆ ಬೆಳ್ಳಗಾದ ನೀರು

ಓಂಕಾರಪ್ಪನವರಿಗೆ ಅನುಮಾನ ಹುಟ್ಟುಗುಣ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಂಡು ನಿವೃತ್ತರಾದವರು. ಹಾಲಿನವನು ಪಾತ್ರೆಗೆ ಸುರಿಯುವಾಗಲೂ ಬಗ್ಗಿ ನೋಡುತ್ತಾರೆ. ಈಗ ಶಿವಮೊಗ್ಗದ ನವುಲೆಯಲ್ಲಿ ಮಗ ಶಿವರಾಜ್, ಸೊಸೆ ತನುಜಾ ಜೊತೆಗಿದ್ದಾರೆ. ಹೊತ್ತು ಹೋಗಲೆಂದು ನಡುಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಮೀನು ಸಾಕಿದ್ದಾರೆ.

ಮೂಲೆಯಲ್ಲಿ ನೀರು ನಿಂತು ಕೊಳೆಯುತ್ತದೆ ಎಂದು ಯಾರೋ ಹೇಳಿದರು. ಸವಳಂಗ ರಸ್ತೆಯ ಅಂಗಡಿಯಿಂದ ನೀರು ತಿರುಗಿಸುವ ಎರಡು ಪುಟ್ಟ ಪಂಪು ತಂದು, ಅವುಗಳ ರಬ್ಬರ್ ಬಿಲ್ಲೆಯನ್ನು ಒಳಗಿನ ಗಾಜಿಗೆ ಒತ್ತಿ, ಎದುರುಬದುರಾಗಿ ತಾವೇ ಕೂರಿಸಿದರು. ಅವು ದಿನಾ ಒಂದಿಷ್ಟು ಜಾರುತ್ತಿದ್ದವು. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿದ ಕೂಡಲೇ ತೋಳು ಮುಳುಗಿಸಿ ಅವನ್ನು ಮತ್ತೆ ಒತ್ತಿ ಕೂರಿಸುವುದು, ಆಮೇಲೆ ಪೇಪರ್ ತರಲು ಹೊರಡುವುದು ರೂಢಿಯಾಯಿತು.

ಪಂಪು ಬಂದ ಮೇಲೆಯೇ ನೀರು ಬೆಳ್ಳಗಾಗತೊಡಗಿದ್ದು. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಎರಡು ಸತ್ತೂ ಹೋದವು. ಓಂಕಾರಪ್ಪನವರು ಮೊದಲು ಅಂಗಡಿಯವನ ಮೇಲೆ ಹರಿಹಾಯ್ದರು. ಅವನು ಪಂಪು ಬದಲಾಯಿಸಿ ಕೊಟ್ಟ; ನೀರು ಬದಲಾಗಲಿಲ್ಲ. ಒಂದು ದಿನ ಪೇಪರ್ ತರಲು ಹೋದವರು ಬೇಗ ಮರಳಿದಾಗ, ತನುಜಾ ಬಕೆಟ್ ಹಿಡಿದು ತೊಟ್ಟಿಯ ಪಕ್ಕ ನಿಂತಿದ್ದು ಕಣ್ಣಿಗೆ ಬಿತ್ತು. ಅಷ್ಟು ಸಾಕಾಯಿತು.

"ನಿನ್ ಹೆಂಡ್ತಿ ಏನೋ ಹಾಕ್ತಿದಾಳೆ ಕಣೋ. ತೊಟ್ಟಿ ಒರೆಸೋದು ಅವಳಿಗೆ ಬೇಜಾರು. ಮೀನು ಸತ್ರೆ ಕಾಟ ತಪ್ಪುತ್ತೆ" ಎಂದು ಮಗನ ಕಿವಿಯಲ್ಲಿ ಊದಿದರು. ಅಡುಗೆಮನೆಯಲ್ಲಿದ್ದ ತನುಜಾಗೆ ಅದು ಕೇಳಿಸಿತು. ಅವಳು ಅವತ್ತು ಊಟ ಮಾಡಲಿಲ್ಲ; ಮರುದಿನ ಭದ್ರಾವತಿಯ ತವರಿಗೆ ಹೊರಡಲು ಬ್ಯಾಗಿಗೆ ಬಟ್ಟೆ ತುಂಬಿದಳು.

ಮಾವನಿಗೆ ಅದರಲ್ಲೂ ಅನುಮಾನ. ತಪ್ಪಿಲ್ಲದವಳು ಯಾಕೆ ಹೊರಡಬೇಕು? ಮರುದಿನ ಪೂಜೆ ಮುಗಿಸಿ, ಎದುರಿನ ಕಪಾಟಿನಲ್ಲಿ ಮೊಬೈಲ್ ನಿಲ್ಲಿಸಿ ವೀಡಿಯೊ ಹಾಕಿಯೇ ತೊಟ್ಟಿಯ ಹತ್ತಿರ ಹೋದರು. ಪೇಪರ್ ತಂದ ಮೇಲೆ, ತಾವೂ ಮೊದಲು ನೋಡದೆ, ಮಗ ಸೊಸೆಯನ್ನು ಕರೆದು ಕೂರಿಸಿದರು.

"ಈಗ ನೋಡು, ಎಲ್ಲಾ ಹೊರಗೆ ಬರುತ್ತೆ."

ಪರದೆಯ ಮೇಲೆ ಮೊದಲು ಬಂದವರು ಅವರೇ. ಮುಂಗೈಯಿಂದ ತೋಳಿನವರೆಗೆ ಆಗಷ್ಟೇ ಧರಿಸಿದ ವಿಭೂತಿಯ ದಪ್ಪ ಪಟ್ಟೆಗಳು. ತೋಳು ನೀರಿಗಿಳಿಯಿತು. ಪಂಪಿನ ರಭಸಕ್ಕೆ ಬಿಳುಪು ಸುತ್ತಲೂ ಹರಡಿ, ನೀರು ಅಕ್ಕಿ ತೊಳೆದಂತಾಯಿತು. ತೋಳು ಹೊರಬಂದಾಗ ಅದರ ಮೇಲೆ ಪಟ್ಟೆಗಳಿರಲಿಲ್ಲ. ಅವರು ತಿರುಗಿಯೂ ನೋಡದೆ ಪೇಪರಿಗೆ ಹೊರಟ ಮೇಲೆ ತನುಜಾ ಬಂದಳು. ಬೆಳ್ಳಗಿನ ನೀರನ್ನು ಬಕೆಟ್ಟಿಗೆ ಮೊಗೆದಳು, ತಿಳಿನೀರು ಸುರಿದಳು, ಮೀನುಗಳು ಚೇತರಿಸಿಕೊಳ್ಳುವವರೆಗೆ ನೋಡುತ್ತಾ ನಿಂತಳು.

ಓಂಕಾರಪ್ಪನವರಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. "ಗೊತ್ತಿದ್ದೂ ಯಾಕಮ್ಮ ಹೇಳ್ಲಿಲ್ಲ?"

"ವಿಭೂತಿ ಹಚ್ಕೊಂಡು ಕೈ ಹಾಕ್ಬೇಡಿ ಅಂತ ಸೊಸೆಯಾದೋಳು ಹೇಳೋಕಾಗುತ್ತಾ ಮಾವ? ಹೇಳಿದ್ರೆ ಅದಕ್ಕೂ ಒಂದು ಅನುಮಾನ."

"ತಪ್ಪು ನಂದೇ. ಆ ಬ್ಯಾಗ್ ಒಳಗಿಡಮ್ಮ."

ತನುಜಾ ಎದ್ದು ಹೋಗಿ ಬಕೆಟ್ ತಂದು ಅವರ ಕೈಗೆ ಕೊಟ್ಟಳು.

"ಬ್ಯಾಗ್ ಇಡ್ತೀನಿ. ನೀರು ಮಾತ್ರ ಇನ್ಮೇಲೆ ನೀವೇ ಬದಲಾಯಿಸಿ. ನಾಳೆ ಇನ್ನೊಂದು ಮೀನು ಸತ್ರೆ, ನಾನು ಆ ಕಡೆ ಬಂದೇ ಇಲ್ಲ ಅಂತ ನಿಮಗೇ ಗೊತ್ತಿರ್ಲಿ."