ಬರಗೇರಮ್ಮನ ಟಗರು ತೋರಿಸಿದ ಜಾಗ

ಹೊಸದುರ್ಗದ ಕುರಿ ಸಾಕುವವರ ಸಂಘದಲ್ಲಿ ಫರ್ಹಾನಾ ಹನ್ನೊಂದು ವರ್ಷದಿಂದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಾಳೆ. ಹಾಸಿಗೆ ಹೊಲಿಯುವ ಹಫೀಜ್ ಸಾಬರ ಮಗಳು. ಕುರಿ ಕಂಡರೆ ಮಾರು ದೂರ ನಿಲ್ಲುವವಳು. ಆದರೂ ತಾಲ್ಲೂಕಿನ ಲಕ್ಷಾಂತರ ಕುರಿಗಳ ಕಿವಿಯ ಬಿಲ್ಲೆ ನಂಬರು, ಹಾಕಿಸಿದ ಲಸಿಕೆ, ಫೋಟೊ ಎಲ್ಲವೂ ಅವಳ ಕಂಪ್ಯೂಟರಿನ ಒಂದೇ ದೊಡ್ಡ ಪಟ್ಟಿಯಲ್ಲಿವೆ.

ಒಂದು ಸೋಮವಾರ ಆ ಪಟ್ಟಿ ಕೆಟ್ಟು ತೆರೆಯದೆ ಕೂತಿತು. ಫರ್ಹಾನಾ ರಿಪೇರಿಗೆ ಹಾಕಿದಳು. ಅರ್ಧ ಮುಗಿದಿತ್ತು, ಅಷ್ಟರಲ್ಲಿ ಸಂಘದ ಅಧ್ಯಕ್ಷ ಕರಿಸಿದ್ದಪ್ಪ ಮೊಬೈಲ್ ಚಾರ್ಜಿಗೆ ಹಾಕಲು ಕಂಪ್ಯೂಟರಿನ ಪ್ಲಗ್ ಕಿತ್ತರು. ಮತ್ತೆ ಮೊದಲಿಂದ ಹಾಕಿದಳು. ಸಂಜೆಗೆ ಪಟ್ಟಿ ಸರಿಯಾಯಿತು. ಆದರೆ ಡಿಸ್ಕ್ ಭರ್ತಿಯಾಗಿದೆ ಎಂದು ಕಂಪ್ಯೂಟರು ಕೆಂಪಕ್ಷರದಲ್ಲಿ ಬಡಿದುಕೊಳ್ಳತೊಡಗಿತು.

“ಸತ್ತ ಕುರಿಗಳ್ನ ಯಾಕಮ್ಮ ಇಟ್ಕಂಡೀರಿ? ತೆಗೀರಿ ಅತ್ಲಾಗೆ,” ಎಂದರು ಕರಿಸಿದ್ದಪ್ಪ.

ಫರ್ಹಾನಾ ಸತ್ತ ಕುರಿಗಳ ವಿವರವನ್ನು ಬೇರೊಂದು ಡಿಸ್ಕಿಗೆ ಇಳಿಸಿಕೊಂಡು ಪಟ್ಟಿಯಿಂದ ತೆಗೆದಳು. ಜಾಗ ಮಾತ್ರ ಒಂದಿಷ್ಟೂ ಬಿಡಲಿಲ್ಲ.

“ಅದೆಂಗಮ್ಮ?”

“ಕುರಿ ಸತ್ರೆ ರೊಪ್ಪ ಚಿಕ್ಕದಾಗುತ್ತಾ ಅಧ್ಯಕ್ಷ್ರೇ? ಒಳಗೆ ಖಾಲಿ ಐತೆ, ಬೇಲಿ ಅಷ್ಟೇ ಐತೆ. ಬೇಲಿ ಹತ್ರಕ್ಕೆ ತರ್ಬೇಕಂದ್ರೆ ಪಕ್ಕದಾಗೆ ಹೊಸ ರೊಪ್ಪ ಕಟ್ಟಿ ಕುರಿ ದಾಟಿಸ್ಬೇಕು. ಅದಕ್ಕೂ ಜಾಗ ಬೇಕು.”

ಕಂಪ್ಯೂಟರಿನ ಮಾತೊಂದು ಕರಿಸಿದ್ದಪ್ಪನವರಿಗೆ ಅರ್ಥವಾದದ್ದು ಅದೇ ಮೊದಲು.

ಮರುದಿನ ಮಾಡದಕೆರೆಯ ಬರಗೇರಮ್ಮ ಟಗರನ್ನು ಎಳೆದುಕೊಂಡು ಸೀದಾ ಒಳಗೇ ಬಂದಳು. ಫರ್ಹಾನಾ ಕುರ್ಚಿ ಹತ್ತಿದಳು.

“ಲಸಿಕೆ ಹಾಕ್ಸಾಕೆ ಹೋದ್ರೆ ಇಂಥಾ ಟಗರೇ ಇಲ್ಲ ಅಂತಾರಲ್ಲವ್ವಾ! ನೀನೇ ನೋಡಿ ಹೇಳು, ಇದು ಸತ್ತೈತಾ?”

ಟಗರು ಮೇಜಿಗೊಂದು ಗುದ್ದು ಕೊಟ್ಟಿತು.

“ಇಲ್ಲಜ್ಜಿ, ಬದುಕೈತೆ! ಹಗ್ಗ ಬಿಗಿಯಾಗಿ ಹಿಡ್ಕಳ್ರಿ!”

ಯಾರೋ ನಂಬರು ತಪ್ಪಾಗಿ ಬರೆದು ಅದನ್ನು ಸತ್ತವುಗಳ ಸಾಲಿಗೆ ಸೇರಿಸಿದ್ದರು. ಟಗರಿಗೆ ಜೀವ ಕೊಡಲೆಂದು ಫರ್ಹಾನಾ ಕುರ್ಚಿ ಮೇಲೆಯೇ ಕಾಲು ಮಡಚಿ ಕೂತು ಪಟ್ಟಿಯ ಫೋಲ್ಡರ್ ತೆರೆದಳು. ಅಲ್ಲೊಂದು ಅಪರಿಚಿತ ಫೈಲು ಕಂಡಿತು. ಪಟ್ಟಿಯದೇ ಹೆಸರು, ಬಾಲ ಮಾತ್ರ ಬೇರೆ. ಗಾತ್ರದಲ್ಲಿ ಪಟ್ಟಿಯ ಅರ್ಧದಷ್ಟು. ಕೊನೆಯ ಸಲ ಬರೆದದ್ದು ಸೋಮವಾರ, ಹನ್ನೊಂದೂ ಇಪ್ಪತ್ತಕ್ಕೆ. ಪ್ಲಗ್ ಕಿತ್ತ ಹೊತ್ತು!

ರಿಪೇರಿ ಮಾಡುವಾಗ ಕಂಪ್ಯೂಟರು ಪಕ್ಕದಲ್ಲಿ ಇನ್ನೊಂದು ಪ್ರತಿ ಬರೆಯುತ್ತಾ ಹೋಗುತ್ತದೆ. ಅರ್ಧಕ್ಕೇ ನಿಂತ ಆ ಮೊದಲ ಪ್ರತಿ ಯಾರಿಗೂ ಬೇಡವಾಗಿ ಬಿದ್ದಿತ್ತು. ಫರ್ಹಾನಾ ಪಟ್ಟಿಯನ್ನು ಇನ್ನೊಮ್ಮೆ ಪೂರ್ತಿ ತಪಾಸಣೆ ಮಾಡಿದಳು. ಎಲ್ಲ ಸರಿಯಿದೆ ಎಂದಾದ ಮೇಲೆ ಆ ಫೈಲನ್ನು ಅಳಿಸಿದಳು. ಕೆಂಪಕ್ಷರ ಮಾಯವಾಯಿತು. ಟಗರನ್ನು ಮತ್ತೆ ಪಟ್ಟಿಗೆ ಸೇರಿಸಿ, ಸಿಕ್ಕ ಜಾಗದಲ್ಲಿ ಪಟ್ಟಿಯನ್ನು ಹೊಸದಾಗಿ ಕಟ್ಟಿದಳು. ಸತ್ತ ಕುರಿಗಳ ಜಾಗವೂ ಕೈಗೆ ಬಂತು.

“ಅಷ್ಟು ದೊಡ್ಡ ಫೈಲು ಬಿಟ್ಟೋರು ಯಾರು?” ಎಂದು ಕರಿಸಿದ್ದಪ್ಪ ಗದರಿದರು.

“ನೀವೇ, ಅಧ್ಯಕ್ಷ್ರೇ.”

ಅವರು ಮೀಸೆ ತೀಡಿದರು. “ಹಂಗಾದ್ರೆ ಇಷ್ಟು ಜಾಗ ಸಿಕ್ಕಿದ್ದು ನನ್ನಿಂದ ಅನ್ರಿ.”

ಆ ವಾರದ ಸಭೆಯ ನಡಾವಳಿಯಲ್ಲಿ ಹಾಗೆಯೇ ಬರೆಸಿದರು. ತುಟಿ ಕಚ್ಚಿ ನಗು ತಡೆದುಕೊಂಡು ಬರೆದವಳು ಫರ್ಹಾನಾ.